ನಡುವಿನ ಅಂಗೈ

ನನ್ನ ಹೆಸರು ಫ್ಲೋರ್ದೆಲಿಸ್. ನಿಮಗದು ಬೇಕಿಲ್ಲ.
ಸೆಬು ನಗರ, ಹನ್ನೊಂದನೇ ಮಹಡಿ, ರಾತ್ರಿ ಪಾಳಿ,
ಏಸಿಯ ಚಳಿಗೆ ಅಣ್ಣನ ಜಾಕೆಟ್ಟು.
ಜಾಲತಾಣದ ಹೆಸರುಗಳ ಸಂತೆಯಲ್ಲಿ
ಕೊಡುವವನ ಬಾಯಿಗೂ ಕೊಳ್ಳುವವಳ ಕಿವಿಗೂ ನಡುವೆ
ಒಂದು ತಡ ಇರುತ್ತದಲ್ಲ,
ಅದು ನಾನು.

ನಿಯಮ ಸರಳ. ಏಳು ಅಂಕಿ ಒಟ್ಟಿಗೆ ಬಂದರೆ ಅದು ಫೋನ್ ನಂಬರು,
ಫೋನ್ ನಂಬರೆಂದರೆ ನಮ್ಮ ಕಮಿಷನ್ನಿಗೆ ಕನ್ನ.
ಯಂತ್ರ ಹಿಡಿದು ನಿಲ್ಲಿಸುತ್ತದೆ, ಮನುಷ್ಯರು ಓದಿ ಬಿಡಬೇಕು.
ಆ ರಾತ್ರಿ ಸರತಿಯಲ್ಲಿ ನಾನೂರ ಹನ್ನೆರಡು ಮಾತು,
ಓದಲು ಮೂವರು,
ಒಬ್ಬಳಿಗೆ ಜ್ವರ.

ಕುತೈಸಿಯ ನುಗ್ಜಾರ್ ಮಾರಲಿಟ್ಟ ಹೆಸರು ತೋನೆ.
ರೋಮನ್ ಲಿಪಿಯಲ್ಲಿ ನಾಲ್ಕೇ ಅಕ್ಷರ, ಚುಕ್ಕಿಯಾಚೆ ಅಗ್ಗದ ಬಾಲ.
ಅವನ ಜಾರ್ಜಿಯನ್ನಿನಲ್ಲಿ ಅದು ರೊಟ್ಟಿ ಸುಡುವ ಮಣ್ಣಿನ ಒಲೆ.
ಬರ್ಗೆನ್ನಿನಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಡುವ ತೋರುನ್‌ಗೆ
ಅದೇ ನಾಲ್ಕಕ್ಷರ ಒಂದು ಸ್ವರ.

ಅವಳು ಕೇಳಿದಳು: ಆರುನೂರು ಯೂರೋಗೆ ಕೊಡುತ್ತೀರಾ?
ಅವನು ನಿಮಿಷವೂ ಬಿಡದೆ ಬರೆದ, ಚೌಕಾಸಿ ಬಾರದವನು:
"ಸರಿ, ತಗೊಳ್ಳಿ. ಹೆಂಡತಿ ಒಲೆ ಹೊತ್ತಿಸಿದ್ದು 14091997,
ಆರಿದ್ದು 02112021.
ಅಷ್ಟು ದಿನ ಈ ಹೆಸರಿನೊಳಗೆ ರೊಟ್ಟಿ ಇತ್ತು,
ಅದೊಂದು ನೆನಪಿರಲಿ."

ಯಂತ್ರ ಗಬಕ್ಕನೆ ಹಿಡಿಯಿತು.
ಒಮ್ಮೆ ಹಿಡಿದರೆ ಆಮೇಲೆ ಅವನು ಆಡಿದ್ದೆಲ್ಲ ಅದರ ಹಿಂದೆ ಸಾಲು.
ಅಷ್ಟರಲ್ಲಿ ಸಮುದ್ರದ ಕಡೆಯಿಂದ ಚಂಡಮಾರುತ ಬಂತು,
ಕರೆಂಟು ಹೋಯಿತು, ಜನರೇಟರು ಎರಡು ಸಲ ಕೆಮ್ಮಿ ಮಲಗಿತು.
ಟಾರ್ಚು ಮೇಲ್ಮುಖ ಇಟ್ಟು ಸುತ್ತ ಕೂತು
ಒಣಮಾವು ಜಗಿದೆವು, ಆರು ತಾಸು.

ತೋರುನ್‌ಳ ಊರಿನಲ್ಲಿ ಆಗಿನ್ನೂ ಸಂಜೆ.
ಅವಳ ಮಾತಿಗೆ ತಡೆಯಿಲ್ಲ, ನೆಟ್ಟಗೆ ಹೋಗುತ್ತದೆ.
ಏಳುನೂರು, ಅಂದಳು.
ಪಾಠ ಮುಗಿಸಿ ಬಂದು: ಕಡಿಮೆಯಾಯಿತೇ? ಒಂಬೈನೂರು.
ಊಟದ ಮೇಲೆ: ನೀವು ಪಳಗಿದ ಕುಳ. ಸಾವಿರದ ಇನ್ನೂರು,
ಇದರ ಮೇಲೆ ಪಿಯಾನೋ ಮಾರಬೇಕು.
ಮಲಗುವ ಮುಂಚೆ: ಬೇರೆ ಹೆಸರು ನೋಡಿಕೊಳ್ಳುತ್ತೇನೆ. ನಮಸ್ಕಾರ.

ಇತ್ತ ನುಗ್ಜಾರ್:
ಆರುನೂರು ಸಾಕು ಅಂದೆನಲ್ಲ.
ಏಳುನೂರು ಬೇಡ.
ತಾಯೀ, ಯಾಕೆ ಏರಿಸುತ್ತೀರಿ, ನಾನು ಒಪ್ಪಿ ಆಗಿದೆ.
ಕೇಳಿಸುತ್ತಿದೆಯೇ?

ಮಾತು ಬೆಳ್ಳಿ, ಮೌನ ಬಂಗಾರ.
ಕರೆಂಟು ಬಂದ ಮೇಲೆ ಒಂದೇ ಪರದೆಯಲ್ಲಿ
ಆ ಬಂಗಾರದ ಧಾರಣೆ ಏರಿದ್ದನ್ನೂ ಬಿದ್ದದ್ದನ್ನೂ ಕಂಡೆ.
ಅವನು ಬಾಯಿ ಮುಚ್ಚಿದ್ದೇ ಇಲ್ಲ.
ಆ ಮೌನ ನನ್ನದು.

ನನಗಿರುವುದು ಎರಡೇ ಗುಂಡಿ: ಬಿಡು, ತಡೆ.
"ತಪ್ಪು ಅವರದಲ್ಲ, ಇಲ್ಲಿ ಗಾಳಿ ಜೋರಿತ್ತು" ಎನ್ನುವ ಗುಂಡಿ ಇಲ್ಲ.
ಅಂಕಿಗಳನ್ನು ಬೆರಳಲ್ಲಿ ಎಣಿಸಿದೆ.
ಹದಿನಾಲ್ಕು, ಒಂಬತ್ತನೇ ತಿಂಗಳು. ಫೋನಲ್ಲ, ಒಲೆ.
ಬಿಡು ಒತ್ತಿದೆ.
ಐದೂ ಮಾತು ಒಟ್ಟಿಗೆ ಹೊರಟವು, ಕೊನೆಯದು ಮೊದಲು:
ಕೇಳಿಸುತ್ತಿದೆಯೇ?

ಆಮೇಲೆ ಅವರಿಬ್ಬರ ಮಾತು ನನ್ನ ಸರತಿಗೆ ಬರಲಿಲ್ಲ.
ಕುದುರಿದ ವ್ಯಾಪಾರವೂ ಮುರಿದ ವ್ಯಾಪಾರವೂ
ಇಲ್ಲಿ ಒಂದೇ ಥರ ಸುಮ್ಮನಿರುತ್ತವೆ.

ಬೆಳಿಗ್ಗೆ ಜೀಪ್ನಿಯಲ್ಲಿ ಮೊಳಕಾಲುದ್ದ ನೀರು ಸೀಳಿ ಮನೆಗೆ.
ಹಿಂದಿನ ಸೀಟಿನಿಂದ ಯಾರೋ "ಪ್ಲೇತೆ" ಅಂದರು,
ಚಾರ್ಜಿನ ಚಿಲ್ಲರೆ ಕೈಯಿಂದ ಕೈಗೆ ಡ್ರೈವರನತ್ತ ಸಾಗುತ್ತ
ನನ್ನ ಅಂಗೈಗೆ ಬಂತು. ಒದ್ದೆ, ಯಾರದೋ ಬಿಸಿ ಇನ್ನೂ ಇತ್ತು.
ಎಷ್ಟಿದೆ ಎಂದು ನೋಡುತ್ತ ಕೂತುಬಿಟ್ಟೆ.
ಮುಂದಿನವನು ಕೈ ಚಾಚಿಕೊಂಡೇ ಇದ್ದ.